ಹನುಮಪ್ಪನ ಹೇಳಿಕೆ

ನಮ್ಮ ಕಡೆಯ ಜನಕ್ಕೆ ದೇವರನ್ನು ಮಾಡಿಕೊಳ್ಳಲು ಬಹಳ ಹೊತ್ತು ಬೇಡ. ಕಲ್ಲಿಗೆ ಎರಡು ಬೊಟ್ಟು ಕುಂಕುಮ ಬಿದ್ದರೆ ಸಾಕು, ಮರುದಿನ ಅದರ ಮುಂದೆ ಕಾಯಿ ಒಡೆಯುವವರು ತಯಾರು. ಕಲ್ಲು ತಿರುಗಿ ಮಾತಾಡುವುದಿಲ್ಲ, ಅದೊಂದು ಪುಣ್ಯ. ಶಿಗ್ಲಿಯ ನೇಕಾರ ಓಣಿಗೆ ಮಾತಾಡುವ ದೇವರೇ ಸಿಕ್ಕಿದ್ದು, ಹನುಮಪ್ಪ ಕಾಂಗೋ ದೇಶದಿಂದ ಗಾಲಿಕುರ್ಚಿಯ ಮೇಲೆ ಕೂತು ವಾಪಸು ಬಂದ ಮೇಲೆ.

ಹನುಮಪ್ಪ ಊರು ಬಿಟ್ಟದ್ದು ಮನೆಯ ಮಗ್ಗಗಳು ನಿಂತ ವರ್ಷ. ಮೊದಲು ಮುಂಬಯಿಯ ಅರಿವೆ ಪೇಟೆ, ಅಲ್ಲಿಂದ ಸಾವಕಾರನ ಅಳಿಯನ ಬೆನ್ನು ಹತ್ತಿ ಆಫ್ರಿಕಾದ ನಟ್ಟನಡುವೆ ಕಾಂಗೋದ ಕಿನ್ಶಾಸಾ ಪಟ್ಟಣ. ಅಲ್ಲಿ ದೊಡ್ಡ ದೊಡ್ಡ ಹೂವಿನ ಅಚ್ಚಿನ ಬಟ್ಟೆ ಮಾರುವ ಅಂಗಡಿಯ ಉಸ್ತುವಾರಿ. ಆಗ ಮಗಳು ವಿದ್ಯಾಶ್ರೀ ಎರಡನೇ ಇಯತ್ತೆಯಲ್ಲಿದ್ದಳು. ಹದಿನೆಂಟು ವರ್ಷದಲ್ಲಿ ಆತ ಊರಿಗೆ ಬಂದದ್ದು ಎರಡೇ ಸಲ, ಅದೂ ಮೊದಮೊದಲು. ಆಮೇಲೆ ಎಲ್ಲಾ ಫೋನಿನ ಮೇಲೆಯೇ. ಫೋನಿನಲ್ಲಿ ಎರಡು ಮಾತು. "ಆರಾಮ ಅದೀರಿಲ್ಲೋ?" "ರೊಕ್ಕ ಮುಟ್ಟಿತಿಲ್ಲೋ?" ಮೂರನೆಯ ಮಾತಿಗೆ ಕಾಯುತ್ತ ವಿದ್ಯಾಶ್ರೀ ದೊಡ್ಡವಳಾದಳು. "ಅಪ್ಪಾ, ನಾ ಶಾಲಿಗೇ ಫಸ್ಟ ಬಂದೀನಿ" ಎಂದು ಉಸಿರು ಬಿಡದೆ ಹೇಳಿದ ದಿನವೂ ಆ ಕಡೆಯಿಂದ ಬಂದದ್ದು "ಆತು, ಅವ್ವಗ ಕೊಡು" ಅಷ್ಟೇ. ಅಪ್ಪನಿಗೆ ಮಾತೇ ಬರುವುದಿಲ್ಲ, ಕಡಿಮೆ ಮಾತಿನ ಮನುಷ್ಯ ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಮಕ್ಕಳು ತಂದೆಯರಿಗೆ ಇಂಥ ಎಷ್ಟೋ ಸಬೂಬುಗಳನ್ನು ಪುಕ್ಕಟೆ ಹೊಲಿದು ಕೊಡುತ್ತಾರೆ.

ಹೆಂಡತಿ ಬನಶಂಕರಿಯ ಪಾಡು ಬೇರೆ. ಕೊರಳಲ್ಲಿ ತಾಳಿ ಇತ್ತು, ಹಣೆಯಲ್ಲಿ ಕುಂಕುಮ ಇತ್ತು, ಆದರೂ ಓಣಿಯಲ್ಲಿ ಅವಳ ಹೆಸರು ಗಂಡ ಬಿಟ್ಟಾಕಿ. ಸೀಮಂತದ ಮನೆಗಳಿಗೆ ಕರೆಯುತ್ತಿದ್ದರು, ಕರೆಯದಿದ್ದರೆ ಕೆಟ್ಟದಲ್ಲ? ಆದರೆ ಆರತಿ ತಟ್ಟೆ ಅವಳ ಕೈಗೆ ಬರುವ ಹೊತ್ತಿಗೆ ದೀಪ ಆರಿರುತ್ತಿತ್ತು. ಬನಶಂಕರಿ ಆರಿದ ತಟ್ಟೆಯನ್ನೇ ಎತ್ತಿ, ಹಾಡು ಹೇಳಿ, ಮನೆಗೆ ಬಂದು ಒಲೆಯ ಮುಂದೆ ಕೂಡುತ್ತಿದ್ದಳು. ಅತ್ತದ್ದನ್ನು ಮಗಳು ಒಂದು ದಿನವೂ ಕಾಣಲಿಲ್ಲ.

ಅಂಥ ಮನೆಗೆ ಲಕ್ವಾ ಹೊಡೆದ ಹನುಮಪ್ಪ ಬಂದಿಳಿದ. ಅಂಗಡಿಯ ಮಾಲೀಕ ವಿಮಾನ ಹತ್ತಿಸಿ ಕೈತೊಳೆದುಕೊಂಡಿದ್ದ. ಬಲಗೈ ಬಲಗಾಲು ಬಿದ್ದುಹೋಗಿದ್ದವು. ನಾಲಿಗೆ ಮಾತ್ರ ಚುರುಕಾಗಿತ್ತು, ಆದರೆ ಅದರ ಮೇಲೆ ಕನ್ನಡದ ಒಂದಕ್ಷರವೂ ಇರಲಿಲ್ಲ. ಹುಬ್ಬಳ್ಳಿಯ ಡಾಕ್ಟರು, "ಮೆದುಳಿಗೆ ಪೆಟ್ಟು ಬಿದ್ದಾಗ ಹಿಂಗ ಆಗತೈತ್ರಿ. ನಾಕು ಭಾಷಾ ಬರ್ತಿದ್ರ ಒಂದ ಉಳೀಬಹುದು. ಯಾವುದು ಉಳೀತೈತಿ ಅನ್ನೂದು ನಮ್ಮ ಕೈಯಾಗಿಲ್ಲ. ಇನ್ನೊಮ್ಮೆ ಹೊಡದ್ರ ಇದೂ ಉಳಿಯಂಗಿಲ್ಲ" ಎಂದರು.

ಅಷ್ಟರಲ್ಲಿ ವಿದ್ಯಾಶ್ರೀಗೆ ಒಂದು ಮಾತು ಸ್ಪಷ್ಟವಾಯಿತು. ಅಪ್ಪ ಏನನ್ನೋ ಕೇಳುತ್ತಿದ್ದಾನೆ. ಹುಚ್ಚುಚ್ಚಾಗಿ ಬಡಬಡಿಸುತ್ತಿಲ್ಲ. ಅದೇ ಸಾಲು, ಅದೇ ಎರಡು ಮೂರು ಹೆಸರಿನಂಥ ಸಪ್ಪಳ. ಬಾಗಿಲ ಕಡೆ ನೋಡುತ್ತಾನೆ, ಎಡಗೈಯಿಂದ ಕುರ್ಚಿಯ ಹಿಡಿಯನ್ನು ಬಡಿಯುತ್ತಾನೆ, ಕಣ್ಣು ತುಂಬಿಕೊಳ್ಳುತ್ತಾನೆ. ಏನು ಬೇಕು ಇವನಿಗೆ? ಇನ್ನೊಮ್ಮೆ ಲಕ್ವಾ ಹೊಡೆಯುವುದರೊಳಗೆ ಅದು ತಿಳಿಯಬೇಕು. ಅದರ ಹಿಂದೆ ಇನ್ನೊಂದು ಆಸೆಯೂ ಇತ್ತು, ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಆ ಹೆಸರಿನಂಥ ಸಪ್ಪಳಗಳಲ್ಲಿ ಒಂದು ತನ್ನದಿರಬಹುದೇ?

ಇವಳು ಹೀಗೆ ತಲೆ ಕೆಡಿಸಿಕೊಂಡಿದ್ದಾಗಲೇ ಗದಿಗೆವ್ವನ ಎಮ್ಮೆ ಕಳೆಯಿತು. ಗದಿಗೆವ್ವ ಮುಂದಿನ ಓಣಿಯ ಒಕ್ಕಲಿಗರ ಮುದುಕಿ. ಎಮ್ಮೆ ಹುಡುಕುತ್ತ ಬಂದವಳು ಕಟ್ಟೆಯ ಮೇಲೆ ಕೂತು, ಅಳುತ್ತ, ಗಾಲಿಕುರ್ಚಿಯ ಹನುಮಪ್ಪನಿಗೇ ಕೇಳಿದಳು. "ಯಪ್ಪಾ, ಎಲ್ಲಿ ಹೋಗೇತೋ ನನ್ನ ಎಮ್ಮಿ?" ಹನುಮಪ್ಪ ಅವಳನ್ನು ನೋಡಿ ತನ್ನ ಸಾಲನ್ನೇ ಒದರಿದ, ಕೈಯೆತ್ತಿ ಬಾಗಿಲು ತೋರಿಸಿದ. ಒಳಗಿನಿಂದ ಬಂದ ಬನಶಂಕರಿ ಯಾವ ಗುಂಗಿನಲ್ಲಿ ಇದ್ದಳೋ ಏನೋ, "ಹಳ್ಳದ ಕಡೆ ನೋಡು ಅಂತಾರ ನಮ್ಮನಿಯವರು" ಎಂದುಬಿಟ್ಟಳು. ಎಮ್ಮೆ ಹಳ್ಳದಲ್ಲೇ ಸಿಕ್ಕಿತು. ಬೇಸಿಗೆಯಲ್ಲಿ ಎಮ್ಮೆ ಹಳ್ಳದಲ್ಲಲ್ಲದೆ ಬ್ಯಾಂಕಿನಲ್ಲಿ ಸಿಕ್ಕುತ್ತದೆಯೇ? ಆದರೆ ಕೇಳುವವರು ಯಾರು.

ವರ್ಷಕ್ಕೊಮ್ಮೆ ಕಾರಣಿಕದ ಜಾತ್ರೆಯಲ್ಲಿ ಬಿಲ್ಲೇರಿದ ಗೊರವಪ್ಪ ಒಂದು ಸಾಲು ಭವಿಷ್ಯ ನುಡಿದರೆ ಅದಕ್ಕೆ ಮಳೆ, ಬೆಳೆ, ಸರಕಾರ ಎಂದು ನೂರು ಅರ್ಥ ಹಚ್ಚುವ ನಾಡು ನಮ್ಮದು. ಅರ್ಥವಾಗದ ಮಾತಿಗೆ ನಮ್ಮಲ್ಲಿ ಇರುವ ಗೌರವ ಅರ್ಥವಾಗುವ ಮಾತಿಗೆ ಇಲ್ಲ. ತಿಂಗಳೊಪ್ಪತ್ತಿನಲ್ಲಿ ಹನುಮಪ್ಪ "ಅಪ್ಪಾರು" ಆದ. ಸೋಮವಾರ ಮತ್ತು ಅಮಾವಾಸ್ಯೆಗೆ ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಯಿಂದಲೂ ಜನ ಬರತೊಡಗಿದರು. ಹನುಮಪ್ಪನ ಅಣ್ಣ ಕಳಕಪ್ಪ ಅಂಗಳಕ್ಕೆ ಚಪ್ಪರ ಹಾಕಿಸಿ, ತಮ್ಮನ ಹಣೆಗೆ ಮೂರು ಬೆರಳು ವಿಭೂತಿ ಎಳೆದು, ತಾನು ಬಾಗಿಲಲ್ಲಿ ನಿಂತ. ಅಪ್ಪಾರು ನುಡಿಯುತ್ತಿದ್ದರು. ಬನಶಂಕರಿ ಪಕ್ಕದಲ್ಲಿ ಕೂತು, ಕಣ್ಣು ಮುಚ್ಚಿ, ಅರ್ಥ ಹೇಳುತ್ತಿದ್ದಳು. "ಶ್ರಾವಣದಾಗ ಮಾಡು ಅಂತಾರ." "ಅಲ್ಲಿ ಹೆಣ್ಣು ಕೊಡಬ್ಯಾಡ ಅಂತಾರ." ಹೆಂಡತಿಗಲ್ಲದೆ ಗಂಡನ ಮಾತು ಇನ್ನಾರಿಗೆ ತಿಳಿಯುತ್ತದೆ ಎಂದರು ಜನ. ಹೋಗುವಾಗ ಹೆಂಗಸರು ಅವಳ ಪಾದ ಮುಟ್ಟುತ್ತಿದ್ದರು. ಆರಿದ ತಟ್ಟೆ ಕೊಟ್ಟವರೂ ಆ ಸಾಲಿನಲ್ಲಿದ್ದರು.

ವಿದ್ಯಾಶ್ರೀ ಗದಗಿನಲ್ಲಿ ಜನರ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ತುಂಬಿಕೊಡುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ತಿಂಗಳ ಮೇಲೆ ಒಂದು ಶನಿವಾರ ಸಂಜೆ ಬಸ್ಸಿಗೆ ಊರಿಗೆ ಬಂದವಳು ಚಪ್ಪರ ನೋಡಿ ಉರಿದುಬಿದ್ದಳು.

"ಅವ್ವಾ, ಏನಿದು? ಅದು ಕಾಂಗೋದ ಭಾಷಾ ಐತಿ ಬೇ, ದೇವ್ರ ಭಾಷಾ ಅಲ್ಲ."

"ನಿನಗ ತಿಳೀತೈತೇನು?"

"ಇಲ್ಲ."

"ನನಗೂ ತಿಳಿಯಂಗಿಲ್ಲ. ತಿಳೀಲಾರದ್ದು ಕಾಂಗೋದ್ದಾದ್ರೇನು, ದೇವ್ರದ್ದಾದ್ರೇನು?"

"ಅಪ್ಪ ಹೇಳಲಾರದ್ದನ್ನ ನೀ ಹೇಳಾಕ ಹತ್ತೀಯಲ್ಲ!"

ಬನಶಂಕರಿ ರೊಟ್ಟಿ ಬಡಿಯುವ ಕೈ ನಿಲ್ಲಿಸಲಿಲ್ಲ. "ಹದಿನೆಂಟು ವರ್ಷ ಅಂವ ಏನೂ ಹೇಳಲಿಲ್ಲ. ಈಗ ಅಂವ ಏನಂದ ಅನ್ನೂದು ನಾ ಹೇಳ್ತೀನಿ. ಅಷ್ಟೂ ಹಕ್ಕಿಲ್ಲೇನು ನನಗ?"

ವಿದ್ಯಾಶ್ರೀಗೆ ಅವ್ವನ ಮೇಲೆ ಸಿಟ್ಟು ಬಂತು, ಆ ಸಿಟ್ಟಿನ ಬಗ್ಗೆ ನಾಚಿಕೆಯೂ ಬಂತು. ಮರುದಿನ ಅಪ್ಪನ ಪಕ್ಕದಲ್ಲಿ ಕೂತು ಮೊಬೈಲಿನಲ್ಲಿ ಅವನ ಮಾತುಗಳನ್ನು ಹಿಡಿದಿಟ್ಟುಕೊಂಡಳು.

ಕಾಂಗೋ ಕಂಡವರು ನಮ್ಮ ಸೀಮೆಯಲ್ಲಿ ಇಲ್ಲವೆಂದಲ್ಲ. ಮುಂಡರಗಿಯಲ್ಲಿ ಅಝೀಮ ಎಂಬ ನಿವೃತ್ತ ಸಿಪಾಯಿ ಇದ್ದ. ಶಾಂತಿ ಕಾಯುವ ಪಡೆಯ ಜೊತೆ ಆ ದೇಶದ ಪೂರ್ವದ ತುದಿಯ ಗೋಮಾ ಊರಿನಲ್ಲಿ ಒಂದು ವರ್ಷ ಇದ್ದು ಬಂದವನು. ವಿದ್ಯಾಶ್ರೀ ಅವನ ಮನೆ ಹುಡುಕಿಕೊಂಡು ಹೋದಳು. ಅಝೀಮನ ಹೆಂಡತಿ ಗುಲ್ನಾಜ ಚಹಾ ಕೊಟ್ಟಳು. ಅಝೀಮ ಮೊಬೈಲನ್ನು ಕಿವಿಗೆ ಹಿಡಿದು ಎರಡು ಸಲ ಕೇಳಿದ.

"ಇದು ಸ್ವಾಹಿಲಿ ಅಲ್ಲ ಬೇಟಾ. ನಾವಿದ್ದ ಕಡೆ ಸ್ವಾಹಿಲಿ. ಲಿಂಗಾಲಾನೂ ಅಲ್ಲ ಅನಸ್ತೈತಿ, ಅಲ್ಲಿ ಸಿಪಾಯಿಗೋಳು ಅದನ್ನ ಮಾತಾಡ್ತಿದ್ರು, ಅದರಾಗಿನ ಹಾಡು ಕೇಳಿ ಕೇಳಿ ಕಿವಿ ತೂತ ಬಿದ್ದಾವು. ಹೆಸರಿಗೆ ಒಂದು ದೇಶ. ಹೊಳಿ ದಾಟಿದ್ರ ಭಾಷಾ ಬ್ಯಾರೆ."

"ಮತ್ತ ಯಾವುದಿರಬೇಕ್ರಿ ಚಾಚಾ?"

"ಖುದಾನ ಬಲ್ಲ. ಆದ್ರ ಒಂದು ಹೇಳ್ತೀನಿ. ಶಿಗ್ಲಿ ಅಪ್ಪಾರು ಅಪ್ಪಣಿ ಕೊಡ್ತಾರ ಅಂತ ಇಲ್ಲಿ ತನಕ ಸುದ್ದಿ ಬಂದೈತಿ. ಇದು ಅಪ್ಪಣಿ ಕೊಡೂ ದನಿ ಅಲ್ಲ, ಬೇಡಿಕೊಳ್ಳೂ ದನಿ."

ಬಸ್ಸಿನಲ್ಲಿ ಗದಗಿನ ತನಕ ಅದೊಂದೇ ಮಾತು ಅವಳ ತಲೆಯಲ್ಲಿ ತಿರುಗಿತು.

ಲಿಂಗಾಲಾನೂ ಅಲ್ಲ ಎಂದರೆ ಹೇಗೆ? ಕಿನ್ಶಾಸಾದಲ್ಲಿ ಅಂಗಡಿಯವರು ಲಿಂಗಾಲಾ ಮಾತಾಡುತ್ತಾರೆ ಎಂದು ಅವಳೇ ಓದಿದ್ದಳು. ಹುಡುಕುತ್ತ ಹುಡುಕುತ್ತ ಕಾಂಗೋದ ತಮ್ಮ ಹಿರಿಯರ ಮೂಲ ಹುಡುಕುವವರ ಒಂದು ಗುಂಪು ಇಂಟರ್ನೆಟ್ಟಿನಲ್ಲಿ ಸಿಕ್ಕಿತು. ಬೆಲ್ಜಿಯಂ, ಅಮೆರಿಕ, ಎಲ್ಲೆಲ್ಲೋ ಚದುರಿದವರು ಅಜ್ಜನ ಹೆಸರು ಇದು, ಊರು ಗೊತ್ತಿಲ್ಲ, ಯಾರಾದರೂ ಹೇಳಿ ಎಂದು ಬರೆಯುವ ಜಾಗ. ನಮ್ಮ ಹೆಳವರು ಎತ್ತಿನ ಮೇಲೆ ಬಂದು ಮನೆಮುಂದೆ ವಂಶಾವಳಿ ಹೇಳುತ್ತಾರಲ್ಲ, ಆ ಭಾಗ್ಯ ಇಲ್ಲದವರ ಗೋಳು. ವಿದ್ಯಾಶ್ರೀ ತನಗೆ ಬರುವಷ್ಟು ಇಂಗ್ಲಿಷಿನಲ್ಲಿ ಬರೆದು, ಅಪ್ಪನ ದನಿಯನ್ನೂ ಹಾಕಿದಳು. ಕಿನ್ಶಾಸಾದ ಎಸ್ತೇರ್ ಎಂಬ ಹೆಂಗಸು ಉತ್ತರ ಕೊಟ್ಟಳು. ಶಾಲೆಯಲ್ಲಿ ಕಲಿಸುವವಳು, ಬಿಡುವಿನಲ್ಲಿ ಇಂಥವರಿಗೆ ನೆರವಾಗುವವಳು.

ಎಸ್ತೇರ್ ಬರೆದದ್ದರ ಸಾರಾಂಶ ಹೀಗಿತ್ತು. ನಮ್ಮ ದೇಶದಲ್ಲಿ ಹಿರಿಯರನ್ನು ಹುಡುಕುವವರು ಮೊದಲು ಹೆಸರು ಹುಡುಕುತ್ತಾರೆ, ಅದು ತಪ್ಪು. ಮೊದಲು ಭಾಷೆ ಹುಡುಕಬೇಕು. ಕಾಗದಪತ್ರವೆಲ್ಲ ಫ್ರೆಂಚಿನಲ್ಲಿ ಇರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಕಿನ್ಶಾಸಾದ ಪೇಟೆಯಲ್ಲಿ ಎಲ್ಲರೂ ಲಿಂಗಾಲಾ. ಪೂರ್ವಕ್ಕೆ ಸ್ವಾಹಿಲಿ, ಸಮುದ್ರದ ಕಡೆ ಕಿಕೊಂಗೊ, ನಡುವಿನ ಕಸಾಯಿ ಸೀಮೆಯಲ್ಲಿ ಚಿಲೂಬಾ. ಇವುಗಳ ಕೆಳಗೆ ಇನ್ನೂರರಷ್ಟು ಬೇರೆ ಇವೆ. ಒಬ್ಬ ಯಾವ ಭಾಷೆಯಲ್ಲಿ ವ್ಯಾಪಾರ ಮಾಡಿದ ಎನ್ನುವುದರಿಂದ ಅವನ ಮನೆ ಸಿಕ್ಕುವುದಿಲ್ಲ, ಯಾವ ಭಾಷೆಯಲ್ಲಿ ಉಂಡ ಎನ್ನುವುದರಿಂದ ಸಿಕ್ಕುತ್ತದೆ. ನಿಮ್ಮ ತಂದೆಯದು ಚಿಲೂಬಾ. ಕಿನ್ಶಾಸಾದ ಅಂಗಡಿಕಾರನಿಗೆ ಅದು ಬೇಕಾಗಿಯೇ ಇಲ್ಲ. ಅದೂ ಅವರು ಮಾತಾಡುವುದು ಹೆಂಗಸರು ಮಕ್ಕಳ ಜೊತೆ ಆಡುವ ಮಾತು. ಅವರು ಕಸಾಯಿಯವರ ಒಂದು ಮನೆಯಲ್ಲಿ ಇದ್ದವರು, ಬಾಡಿಗೆಗೆ ಇದ್ದವರಲ್ಲ.

ಆ ಕೊನೆಯ ಸಾಲನ್ನು ವಿದ್ಯಾಶ್ರೀ ಅಂಗಡಿಯಲ್ಲಿ ಕೂತು ಓದಿದಳು. ಎದುರಿಗೆ ಯಾರೋ ಪಡಿತರ ಚೀಟಿಯಲ್ಲಿ ಸೊಸೆಯ ಹೆಸರು ಸೇರಿಸಲು ಬಂದು ನಿಂತಿದ್ದರು. ಅವಳು ಅರ್ಜಿ ತುಂಬಿದಳು, ಹೆಬ್ಬೆಟ್ಟು ಒತ್ತಿಸಿದಳು, ಕಳಿಸಿದಳು. ಆಮೇಲೆ ಎಸ್ತೇರಳಿಗೆ ಬರೆದಳು. ಅವರು ಹೇಳುತ್ತಿರುವುದು ಏನು? ಅದರಲ್ಲಿ ವಿದ್ಯಾ ಎಂದೋ ಪುಟ್ಟವ್ವ ಎಂದೋ ಏನಾದರೂ ಇದೆಯೇ? ಪುಟ್ಟವ್ವ ಎಂದು ಅಪ್ಪ ಅವಳನ್ನು ಸಣ್ಣಾಕಿ ಇದ್ದಾಗ ಕರೆಯುತ್ತಿದ್ದ.

ಉತ್ತರ ಸಂಜೆಗೆ ಬಂತು. ಎಸ್ತೇರ್ ಒಳ್ಳೆಯವಳು, ಅದಕ್ಕೇ ಏನನ್ನೂ ಮುಚ್ಚಿಡಲಿಲ್ಲ. "ಬಾಗಿಲು ತೆಗೀರಿ, ನನ್ನನ್ನು ಮನೆಗೆ ಕರೆದುಕೊಂಡು ಹೋಗಿರಿ" ಎನ್ನುವುದು ಅವನು ಮತ್ತೆ ಮತ್ತೆ ಹೇಳುವ ಸಾಲು. ಉಳಿದದ್ದು ಚೂರುಚೂರು. "ಮಕ್ಕಳು ಉಂಡರೇ?" "ಮಳೆ ಬರುತ್ತದೆ, ಬಟ್ಟೆ ಒಳಗೆ ತಾ." "ಈ ಹೆಂಗಸು ಯಾರು, ಒಳ್ಳೆಯವಳು, ಆದರೆ ನನ್ನನ್ನು ಬಿಡುವುದಿಲ್ಲ." ಹೆಸರುಗಳು ಮ್ಬುಯಿ ಮತ್ತು ಕಬಂಗ. ಕಸಾಯಿಯ ಜನ ಅವಳಿ ಮಕ್ಕಳಿಗೆ ಇವೇ ಹೆಸರು ಇಡುತ್ತಾರೆ, ಮೊದಲು ಹುಟ್ಟಿದ್ದು ಮ್ಬುಯಿ, ಎರಡನೆಯದು ಕಬಂಗ. ನಿಮಗೆ ಅಲ್ಲಿ ಇಬ್ಬರು ಒಡಹುಟ್ಟಿದವರಿದ್ದಾರೆ. ಪುಟ್ಟವ್ವ ಎನ್ನುವ ಸಪ್ಪಳ ನನಗೆ ಎಲ್ಲಿಯೂ ಕೇಳಲಿಲ್ಲ, ಕ್ಷಮಿಸು ತಂಗಿ.

ವಿದ್ಯಾಶ್ರೀಗೆ ಅಪ್ಪನ ಮೇಲೆ ಸಿಟ್ಟು ಬಂತು. ಎರಡನೆಯ ಸಂಸಾರ ಮಾಡಿದ್ದಕ್ಕಲ್ಲ. ಪರದೇಶಕ್ಕೆ ಹೋದ ಗಂಡಸರು ಏನು ಮಾಡುತ್ತಾರೆ ಎನ್ನುವುದು ಊರಿಗೆಲ್ಲ ಗೊತ್ತಿದ್ದದ್ದೇ. ಕಡಿಮೆ ಮಾತಿನ ಮನುಷ್ಯ ಎಂದುಕೊಂಡಿದ್ದಳಲ್ಲ, ಅದಕ್ಕೆ. ಮಕ್ಕಳು ಉಂಡರೇ ಎಂದು ಕೇಳಲು ಅವನಿಗೆ ಬರುತ್ತಿತ್ತು. ಮಳೆ, ಬಟ್ಟೆ, ಬಾಗಿಲು ಎಲ್ಲದರ ಬಗ್ಗೆಯೂ ಮಾತಾಡಲು ಬರುತ್ತಿತ್ತು. ಶಿಗ್ಲಿಗೆ ಫೋನು ಹಚ್ಚಿದಾಗ ಮಾತ್ರ ಬರುತ್ತಿರಲಿಲ್ಲ.

ಎಸ್ತೇರ್ ಅಷ್ಟಕ್ಕೇ ಬಿಡಲಿಲ್ಲ. ಅಂಗಡಿ ಇದ್ದ ಓಣಿಯ ಕಸಾಯಿಯವರ ಚರ್ಚಿನಲ್ಲಿ ವಿಚಾರಿಸಿ, ಆ ಮನೆಯನ್ನು ಹುಡುಕಿದಳು. ತಾಯಿ ಮೊದಲೇ ತೀರಿಹೋಗಿದ್ದಳು. ಅವಳಿಗಳು ಅಜ್ಜಿಯ ಹತ್ತಿರ ಇದ್ದರು, ಹುಡುಗಿ ಮತ್ತು ಹುಡುಗ, ಹೈಸ್ಕೂಲು ಓದುವ ವಯಸ್ಸು. ಅಪ್ಪನನ್ನು ಆಸ್ಪತ್ರೆಗೆ ಒಯ್ಯುತ್ತೇವೆ ಎಂದು ಅಂಗಡಿಯವರು ಕರೆದುಕೊಂಡು ಹೋದದ್ದಷ್ಟೇ ಆ ಮಕ್ಕಳಿಗೆ ಗೊತ್ತು. ಇಬ್ಬರೂ ಸೇರಿ ಮಾತಾಡಿದ ಒಂದು ದನಿಯನ್ನು ಎಸ್ತೇರ್ ಕಳಿಸಿದಳು.

ಶನಿವಾರ ವಿದ್ಯಾಶ್ರೀ ಊರಿಗೆ ಬಂದು, ಅವ್ವ ನೀರಿಗೆ ಹೋದ ಹೊತ್ತು ನೋಡಿ, ಅಪ್ಪನ ಮುಂದೆ ಮೊಣಕಾಲೂರಿ ಕೂತು ಅದನ್ನು ಹಚ್ಚಿದಳು. ಹುಡುಗಿಯ ದನಿ ಬಂತು, ಅದರ ಮೇಲೆಯೇ ಹುಡುಗನದು. ಹನುಮಪ್ಪನ ಮುಖ ಒಮ್ಮೆಗೇ ಸೋರಿಹೋಯಿತು. ಕಣ್ಣು, ಮೂಗು, ಬಾಯಿ ಎಲ್ಲದರಿಂದಲೂ ನೀರು. ಎಡಗೈಯಿಂದ ಮೊಬೈಲನ್ನು ಕಸಿದು ಕೆನ್ನೆಗೆ ಒತ್ತಿಕೊಂಡ. ಗೋಗರೆದು ಏನೇನೋ ಹೇಳಿದ. ಆಮೇಲೆ ಆ ಕೈಯನ್ನೇ ವಿದ್ಯಾಶ್ರೀಯ ತಲೆಯ ಮೇಲೆ ಇಟ್ಟ. ಬಂದಾಗಿನಿಂದ ಮೊದಲ ಸಲ ಅವಳನ್ನು ಕಣ್ಣಿಟ್ಟು ನೋಡಿದ. ಒಳ್ಳೆಯ ಸುದ್ದಿ ತಂದ ಪರಕೀಯರನ್ನು ನೋಡುತ್ತಾರಲ್ಲ, ಹಾಗೆ.

ಬಾಗಿಲಲ್ಲಿ ಕೊಡ ಹೊತ್ತ ಬನಶಂಕರಿ ನಿಂತಿದ್ದಳು.

"ಯಾರವು ಹುಡುಗೂರು?"

ಸುಳ್ಳು ಹೇಳಬಹುದಿತ್ತು. ವಿದ್ಯಾಶ್ರೀ ಹೇಳಲಿಲ್ಲ. ಅಪ್ಪನನ್ನು ಚಪ್ಪರದ ಕೆಳಗಿಂದ ಬಿಡಿಸಬೇಕಾದರೆ ಇದೇ ಹೊತ್ತು ಎಂದುಕೊಂಡು, ಮೊದಲಿನಿಂದ ಕೊನೆಯ ತನಕ ಎಲ್ಲವನ್ನೂ ಹೇಳಿದಳು. ಕಸಾಯಿಯ ಮನೆ, ಅವಳಿಗಳು, ಸತ್ತ ಹೆಂಗಸು, ಮನೆಗೆ ಕರೆದುಕೊಂಡು ಹೋಗಿರಿ ಎನ್ನುವ ಸಾಲು, ಈ ಹೆಂಗಸು ಒಳ್ಳೆಯವಳು ಎನ್ನುವ ಸಾಲು. ಬನಶಂಕರಿ ಕೊಡ ಇಳಿಸಲಿಲ್ಲ, ಹೊತ್ತುಕೊಂಡೇ ಕೇಳಿದಳು.

"ಅಷ್ಟೂ ಮಾತಿನಾಗ ನನ್ನ ಹೆಸರು ಎಲ್ಲ್ಯರ ಐತೇನು?"

"ಇಲ್ಲ ಬೇ."

"ನಿಂದು?"

"ನಂದೂ ಇಲ್ಲ."

"ಅಷ್ಟ ಸಾಕು" ಎಂದು ಬನಶಂಕರಿ ನಕ್ಕಳು. "ಒಳ್ಳೇಕಿ ಅಂದಾನಲ್ಲ ಮತ್ತ. ಇಪ್ಪತ್ತೇಳು ವರ್ಷದ ಸಂಸಾರಕ್ಕ ಅದೂ ದೊಡ್ಡದ ಆತು."

"ಅವ್ವಾ, ಇದನ್ನ ನಿಲ್ಲಸು. ಅಲ್ಲಿಗೆ ಕಳಸಾಕ ಆಗಂಗಿಲ್ಲ, ಅದು ನನಗೂ ಗೊತ್ತೈತಿ. ದಿನಾ ಆ ಹುಡುಗೂರ ಜೋಡಿ ಮಾತಾಡಲಿ ಅಂವ. ಇನ್ನೊಮ್ಮೆ ಹೊಡದ್ರ ಅದೂ ಹೋಗತೈತಿ. ಜನಕ್ಕ ಖರೇ ಹೇಳಿಬಿಡು."

"ಹೇಳ್ತೀನಿ" ಎಂದಳು ಬನಶಂಕರಿ. "ಅಮಾಸಿ ಬರಲಿ, ಎಲ್ಲಾರ ಮುಂದ ಖರೇನ ಹೇಳ್ತೀನಿ."

ಅಮಾವಾಸ್ಯೆಗೆ ಚಪ್ಪರ ತುಂಬಿ ಜನ ಓಣಿಗೆ ಹರಿದಿತ್ತು. ಮುದಕಪ್ಪ ಎಂಬ ಲಕ್ಷ್ಮೇಶ್ವರದ ಹಿರಿಯ, ಭಜನೆ ಮೇಳದವನು, ಮುಂದೆಯೇ ಕೂತಿದ್ದ. ಹನುಮಪ್ಪ ಜನವನ್ನು ನೋಡಿ ಬಾಗಿಲ ಕಡೆ ಕೈಚಾಚಿ ತನ್ನ ಸಾಲನ್ನು ಹೇಳಿದ, ಮ್ಬುಯಿ, ಕಬಂಗ ಎಂದು ಕೂಗಿದ, ಅತ್ತ. ವಿದ್ಯಾಶ್ರೀ ಕಂಬಕ್ಕೆ ಒರಗಿ ಅವ್ವನ ಬಾಯನ್ನೇ ನೋಡುತ್ತ ನಿಂತಳು. ಬನಶಂಕರಿ ಈ ಸಲ ಕಣ್ಣು ಮುಚ್ಚಲಿಲ್ಲ.

"ಬಾಗಲಾ ತಗೀರಿ ಅಂತಾರ. ಇದು ನನ್ನ ಮನಿ ಅಲ್ಲ, ನನ್ನ ಮನಿಗೆ ನನ್ನ ಕಳಸಿಬಿಡ್ರಿ ಅಂತಾರ. ನೀವ್ಯಾರೂ ನನ್ನವರಲ್ಲ ಅಂತಾರ."

ವಿದ್ಯಾಶ್ರೀಯ ಕಣ್ಣಲ್ಲಿ ನೀರು ಬಂತು. ಹೇಳಿದಳು, ಅವ್ವ ಹೇಳಿಯೇಬಿಟ್ಟಳು.

ಆಗ ಮುದಕಪ್ಪ ಎರಡೂ ಕೈ ಎತ್ತಿ, ನಡುಗುವ ದನಿಯಲ್ಲಿ ಅಂದ. "ಆಹಾಹಾ! ಎಂಥಾ ಮಾತು! ಈ ದೇಹ ಅನ್ನೂದು ಬಾಡಿಗಿ ಮನಿ. ಶರಣರಿಗೆ ಇದೆಲ್ಲಿ ಮನಿ, ನಾವೆಲ್ಲಿ ಬಳಗ? ಅಪ್ಪಾರು ಹೊಂಡಾಕ ತಯಾರಾಗ್ಯಾರ್ರೆಪಾ, ತಮ್ಮ ಜಾಗಾ ಕೇಳಾಕತ್ಯಾರ!"

ಜನ ಗೊಳೋ ಎಂದು ಅತ್ತರು. ಗದಿಗೆವ್ವ ಎದೆ ಬಡಿದುಕೊಂಡಳು.

"ಅಲ್ಲ! ಅಲ್ರೀ!" ವಿದ್ಯಾಶ್ರೀ ಮುಂದೆ ನುಗ್ಗಿದಳು. "ಮನಿ ಅಂದ್ರ ಖರೇನ ಮನಿ ಐತ್ರಿ! ಕಿನ್ಶಾಸಾದಾಗ ಐತಿ, ಅಲ್ಲಿ ಮಕ್ಕಳದಾವು, ನನ್ನ ಹಂತ್ಯಾಕ ಅವರ ದನಿ ಐತಿ, ಕೇಳ್ರಿ ಬೇಕಾರ." ಮೊಬೈಲನ್ನು ಎತ್ತಿ ಹಿಡಿದು ಹಚ್ಚಿದಳು. ಚಪ್ಪರದ ತುಂಬ ಅದೇ ಭಾಷೆ ಮೊಳಗಿತು, ಎಳೆಯ ದನಿಗಳಲ್ಲಿ. ಆಮೇಲೆ ಯಾರೋ ಕೈಮುಗಿದರು. ಅವರ ಹಿಂದೆ ಇನ್ನೊಬ್ಬರು. ನೋಡನೋಡುತ್ತ ಅಷ್ಟೂ ಜನ ಮೊಬೈಲಿಗೇ ಕೈಮುಗಿದು ನಿಂತರು.

ಕಳಕಪ್ಪ ಬಂದು ಮೊಬೈಲನ್ನು ಅವಳ ಕೈಯಿಂದ ಮೆಲ್ಲಗೆ ಇಸಿದುಕೊಂಡ. "ಸಾಕು ತಂಗಿ. ಅಪ್ಪನ ಮ್ಯಾಲಿನ ಮಾಯಾದಾಗ ಏನೇನರ ಅನಬ್ಯಾಡ" ಎಂದ. ಹೆಣ್ಣುಮಗಳು ಕಂಗಾಲಾಗಿದ್ದಾಳೆ ಎಂದು ನಾಲ್ಕು ಜನ ಹೆಂಗಸರು ಅವಳನ್ನು ಹಿಡಿದು ಒಳಗೆ ಕೂಡಿಸಿದರು, ಒಬ್ಬಳು ತಲೆಗೆ ನೀರು ತಟ್ಟಿದಳು. ಒಳಗಿನಿಂದ ಅವಳು ಅವ್ವನನ್ನು ನೋಡಿದಳು. ಬನಶಂಕರಿ ಕೂತಲ್ಲೇ ಕೂತು ಗಂಡನ ಮೂಗನ್ನು ಸೆರಗಿನಿಂದ ಒರೆಸುತ್ತಿದ್ದಳು.

ಅಂದೇ ಅಪ್ಪಾರ ಸಮಾಧಿಗೆ ಗದ್ದಿಗೆ ಕಟ್ಟಿಸುವ ಮಾತು ಎದ್ದಿತು. ದೊಡ್ಡವರು ಬದುಕಿರುವಾಗಲೇ ತಮ್ಮ ಗದ್ದಿಗೆಯ ಜಾಗ ನೋಡಿಕೊಳ್ಳುವುದು ಹೊಸದೇನಲ್ಲ. ಕಳಕಪ್ಪ ಊರ ಪಕ್ಕದ ತನ್ನ ಹೊಲದ ಮೂಲೆ ಬಿಟ್ಟುಕೊಟ್ಟ. ಒಬ್ಬರು ಇಟ್ಟಿಗೆ ತಂದರು, ಒಬ್ಬರು ಮರಳು ಹಾಕಿಸಿದರು. ಜನವೆಲ್ಲ ಹೋದ ಮೇಲೆ ವಿದ್ಯಾಶ್ರೀ ಅವ್ವನನ್ನು ಹಿತ್ತಲಲ್ಲಿ ಹಿಡಿದು ಕೇಳಿದಳು.

"ಹಿಂಗ ಆಗತೈತಿ ಅಂತ ನಿನಗ ಗೊತ್ತಿತ್ತಿಲ್ಲೋ?"

"ಖರೆ ಹೇಳು ಅಂದಿ, ಹೇಳಿದ್ನಿ" ಎಂದಳು ಬನಶಂಕರಿ. "ನಂಬೂದು ಬಿಡೂದು ಅವರಿಗೆ ಬಿಟ್ಟದ್ದು. ಹದಿನೆಂಟು ವರ್ಷ ನನ್ನ ಗಂಡ ಬಂದ ಬರ್ತಾನ ಅಂತ ನಾ ಅಂದ್ರ ಯಾರು ನಂಬಿದ್ರು?"

ಬಂದ ಭಾನುವಾರ ಬುನಾದಿ ಮುಗಿದು ಗೋಡೆ ಎದ್ದಿತ್ತು. ಅಪ್ಪಾರು ನೋಡಲಿ ಎಂದು ಕಳಕಪ್ಪ ಗಾಲಿಕುರ್ಚಿಯನ್ನು ಹೊಲಕ್ಕೆ ತಳ್ಳಿಸಿಕೊಂಡು ಬಂದ. ಬನಶಂಕರಿ ಕೊಡೆ ಹಿಡಿದು ನಿಂತಳು. ಗೌಂಡಿ ಮಲ್ಲು ಕಲಸಿದ ಸಿಮೆಂಟಿನ ಬುಟ್ಟಿ ಬದಿಗಿಟ್ಟು ಕೈಮುಗಿದ. ಹನುಮಪ್ಪ ಇಟ್ಟಿಗೆಯ ಸಾಲನ್ನು, ನಾಲ್ಕು ಮೂಲೆಯನ್ನು ನೋಡಿದ. ಅವನ ಮುಖ ಬೆಳಗಿತು. ವಾರದಿಂದ ಕುಗ್ಗಿಹೋಗಿದ್ದ ಮನುಷ್ಯ ಒಮ್ಮೆಗೇ ಗೆಲುವಾಗಿ, ಕೈಬೀಸಿ ಬೀಸಿ, ನಗುನಗುತ್ತ, ಬಹಳ ಹೊತ್ತು ಮಾತಾಡಿದ. ಹೊಸ ಮಾತು. ಈ ತನಕ ಯಾರೂ ಕೇಳಿರದ ಸಾಲುಗಳು. ಕಳಕಪ್ಪ ಅಂದೇ ತಿರುಗಿ ಕೊಟ್ಟಿದ್ದ ಮೊಬೈಲನ್ನು ವಿದ್ಯಾಶ್ರೀ ಓಢಣಿಯ ಮರೆಯಲ್ಲಿ ಹಿಡಿದಿದ್ದಳು, ಅಲ್ಲಿಂದಲೇ ಎಸ್ತೇರಳಿಗೆ ಕಳಿಸಿದಳು. ಮಲ್ಲು ಎಲೆ ಅಡಿಕೆ ಹಾಕಿಕೊಳ್ಳುವುದರೊಳಗೆ ಅಪ್ಪನ ಮಾತಿನ ಅರ್ಥ ಬರೆದ ಉತ್ತರ ಬಂತು.

"ಮನೆ ಕಟ್ಟಿಸುತ್ತಿದ್ದೀರಾ? ದೇವರು ನಿಮಗೆ ಒಳ್ಳೆಯದು ಮಾಡಲಿ. ಇದು ಸಣ್ಣದಾಯಿತು, ಇನ್ನಷ್ಟು ದೊಡ್ಡದು ಮಾಡಿರಿ. ಮ್ಬುಯಿ, ಕಬಂಗ ಬರುತ್ತಾರೆ. ಕಬಂಗನಿಗೆ ಕತ್ತಲೆಯೆಂದರೆ ಅಂಜಿಕೆ. ಒಂದು ಕಿಟಕಿ ಇಡಿರಿ." ಎಸ್ತೇರ್ ಕೆಳಗೆ ಕೇಳಿದ್ದಳು. ಎಂಥ ಒಳ್ಳೆಯ ಸುದ್ದಿ, ನೀವು ಅವರಿಗಾಗಿ ಮನೆ ಕಟ್ಟಿಸುತ್ತಿದ್ದೀರಾ?

ಮಲ್ಲು ಭಕ್ತಿಯಿಂದ ಕೇಳಿದ. "ಏನ ಅಪ್ಪಣಿ ಆತ್ರಿ?"

ಅವನು ಕೇಳಿದ್ದು ಬನಶಂಕರಿಯನ್ನು. ಆದರೆ ಉತ್ತರ ಕೊಟ್ಟವಳು ಮಗಳು. "ಕಿಡಕಿ ಇಡು ಅಂದಾನೋ ಯಣ್ಣಾ" ಎಂದಳು. "ಒಂದರ ಕಿಡಕಿ ಇಡು ಅಂದಾನ."

"ಗದ್ದಿಗಿಗೆ ಯಾರ ಕಿಡಕಿ ಇಡ್ತಾರ ತಂಗಿ?" ಎಂದು ಮಲ್ಲು ಗೊಂದಲದಿಂದ ಬನಶಂಕರಿಯ ಮುಖ ನೋಡಿದ.

ಬನಶಂಕರಿ ಗಂಡನನ್ನು ನೋಡಿದಳು. ಅವನು ಇನ್ನೂ ನಗುತ್ತಿದ್ದ. ಅವಳು ಕೊಡೆಯನ್ನು ಅವನ ಕಡೆ ಇನ್ನಷ್ಟು ಬಾಗಿಸಿ, ಬಿಸಿಲು ಬೀಳದ ಹಾಗೆ ಸರಿಮಾಡಿದಳು.

"ಕಿಡಕಿ ಬ್ಯಾಡ ಅಂತಾರ" ಎಂದಳು. "ಮುಚ್ಚು."